ಸವೆದ ಭಾಗದ ನಕಲೂ ಮೂಲದ ಅಳತೆಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆಭೂಮಿಯಲ್ಲಿ ಮುಂಗಾರಿನ ಬಿತ್ತನೆಗೆ ಒದಗುವ ಹದವು ಬಹು ಕಡಮೆ ದಿನಗಳದು. ಮಳೆ ಸಾಲದಿದ್ದರೆ ನೆಲವು ಬಿರಿದು ಹೆಂಟೆಗಟ್ಟಿರುವುದು. ಹೆಚ್ಚಿದರೆ ಮೇಣದಂತೆ ಅಂಟಾಗಿ ಎತ್ತಿನ ಗೊರಸಿಗೂ ಟ್ರಾಕ್ಟರಿನ ಗಾಲಿಗೂ ಮೆತ್ತಿಕೊಂಡು ಯಾರನ್ನೂ ಹೊಲದೊಳಕ್ಕೆ ಬಿಡದು. ಈ ಎರಡರ ನಡುವೆ ದೊರೆಯುವ ನಾಲ್ಕಾರು ದಿನಗಳಲ್ಲಿ ತೊಗರಿಯು ನೆಲವನ್ನು ಸೇರಬೇಕು. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿಯ ತೊಗರಿ ಬೇಳೆಯ ಹೆಸರೆಲ್ಲವೂ ಈ ನಾಲ್ಕಾರು ದಿನಗಳ ಬಿತ್ತನೆಯ ಮೇಲೆಯೇ ನಿಂತಿದೆಯೆಂದರೆ ಹೆಚ್ಚು ಹೇಳಿದಂತಾಗದು. ಅಂಥ ದಿನಗಳಲ್ಲಿ ಬಿತ್ತುವ ಯಂತ್ರದ ಅಂಗೈಯಗಲದ ಬೀಜದ ತಟ್ಟೆಯೊಂದು ಸೀಳಿದರೆ, ಅಥವಾ ಸರಪಳಿ ಓಡುವ ಹಲ್ಲುಚಕ್ರವು ಸವೆದು ಸರಪಳಿ ಜಾರತೊಡಗಿದರೆ, ಲಕ್ಷಾಂತರ ರೂಪಾಯಿ ಬೆಲೆಯ ಟ್ರಾಕ್ಟರು ಹೊಲದ ಬದುವಿನಲ್ಲಿ ಸುಮ್ಮನೆ ನಿಲ್ಲುವುದು. ಬೇಕಾದ ಭಾಗವು ಪೇಟೆಯ ಅಂಗಡಿಯಲ್ಲಿ ಇದ್ದರೆ ಒಂದು ದಿನ ಹೋಯಿತು. ಇಲ್ಲದಿದ್ದರೆ ಹದವೇ ಹೋಯಿತು.

ಈ ಇಕ್ಕಟ್ಟಿಗೆ ಹೊಸದೊಂದು ಪರಿಹಾರವು ಈಚೆಗೆ ಬಹಳವಾಗಿ ಹೇಳಲ್ಪಡುತ್ತಿದೆ. ಒಡೆದ ಭಾಗವನ್ನು ಸ್ಕ್ಯಾನರಿನ ಮುಂದಿಟ್ಟು ಸುತ್ತಲೂ ತಿರುಗಿಸಿದರೆ ಅದರ ಆಕಾರವು ಕಂಪ್ಯೂಟರಿನಲ್ಲಿ ಮೂಡುವುದು. ಆ ಆಕಾರವನ್ನು ಥ್ರೀಡಿ ಮುದ್ರಣಯಂತ್ರಕ್ಕೆ ಕೊಟ್ಟರೆ ಕೆಲವು ಗಂಟೆಗಳಲ್ಲಿ ಪ್ಲಾಸ್ಟಿಕ್ಕಿನ ಹೊಸ ಭಾಗವು ಕೈಗೆ ಬರುವುದು. ಇದು ಸುಳ್ಳಲ್ಲ. ಆದರೆ ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. ಹಾಗೆ ತಿಳಿದು ಊರೂರಿಗೆ ಸ್ಕ್ಯಾನರುಗಳನ್ನು ಹಂಚಿದರೆ ಸವೆದ ಭಾಗಗಳ ನಕಲುಗಳೇ ಹೆಚ್ಚುವುವಲ್ಲದೆ ಬೇಸಾಯಗಾರನಿಗೆ ಬರುವ ಪ್ರಯೋಜನ ಅಲ್ಪ. ಸ್ಕ್ಯಾನರು ಕೊಡುವುದು ತ್ರಿಕೋನಗಳ ಜಾಲವನ್ನು. ಬೇಕಾಗಿರುವುದು ತಿದ್ದಲು ಬರುವ, ಅಳತೆಗಳನ್ನೊಳಗೊಂಡ ಘನರೂಪವನ್ನು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಕೆಲಸಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಬಲ್ಲವರ ಕೈ ಬೇಕು. ಆ ಕೈಗಳನ್ನು ತಯಾರಿಸುವುದಕ್ಕೆ ಮೊದಲು ಹಣ ವೆಚ್ಚವಾಗಬೇಕು.

ಜಾಲವೆಂದರೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಎಸ್‌.ಟಿ.ಎಲ್‌. ಎಂಬ ಕಡತದ ಮಾದರಿಯು 1987ರಲ್ಲಿ ಅಮೆರಿಕದ ಥ್ರೀಡಿ ಸಿಸ್ಟಮ್ಸ್ ಸಂಸ್ಥೆಯ ಮುದ್ರಣಯಂತ್ರಗಳಿಗಾಗಿ ಹುಟ್ಟಿತು. ಅದರಲ್ಲಿ ವಸ್ತುವಿನ ಮೈಯನ್ನೆಲ್ಲ ಸಣ್ಣ ಸಣ್ಣ ತ್ರಿಕೋನಗಳಾಗಿ ಹೋಳುಮಾಡಿ, ಒಂದೊಂದು ತ್ರಿಕೋನದ ಮೂರು ಮೂಲೆಗಳನ್ನೂ ಅದರ ಹೊರಮುಖವು ಯಾವ ಕಡೆಗಿದೆಯೆಂಬುದನ್ನೂ ಬರೆದಿಡುವರು. ಒಂದು ತ್ರಿಕೋನಕ್ಕೆ 50 ಬೈಟುಗಳು. ಒಂದು ಲಕ್ಷ ತ್ರಿಕೋನಗಳಿಗೆ ಸುಮಾರು 5 ಮೆಗಾಬೈಟುಗಳು. ಇಷ್ಟು ದೊಡ್ಡ ಕಡತದಲ್ಲಿ ಇಲ್ಲಿ ಒಂದು ತೂತಿದೆ, ಅದರ ವ್ಯಾಸ ಇಷ್ಟು, ಅದರ ನಡುಬಿಂದು ಇಲ್ಲಿ ಎಂಬ ಮಾತು ಒಂದಾದರೂ ಇಲ್ಲ. ದುಂಡಾದ ತೂತೂ ಅಲ್ಲಿ ಹಲವು ಬದಿಗಳ ಬಹುಭುಜವೇ. 100 ಮಿಲಿಮೀಟರ್ ವ್ಯಾಸದ ವೃತ್ತವನ್ನು 12 ಬದಿಗಳಿಂದ ತೋರಿಸಿದರೆ ಬದಿಯ ನಡುಭಾಗವು ನಿಜವಾದ ವೃತ್ತಕ್ಕಿಂತ 1.7 ಮಿಲಿಮೀಟರ್ ಒಳಕ್ಕೆ ಬೀಳುವುದು. 36 ಬದಿಗಳಾದರೆ 0.19, 72 ಬದಿಗಳಾದರೆ 0.05 ಮಿಲಿಮೀಟರಿನಷ್ಟು. ಬದಿಗಳನ್ನು ಎಷ್ಟು ಹೆಚ್ಚಿಸಿದರೂ ಅದು ವೃತ್ತವೆಂಬ ತಿಳಿವಳಿಕೆ ಮಾತ್ರ ಕಡತಕ್ಕೆ ಬರುವುದಿಲ್ಲ. ಇದಲ್ಲದೆ ಆ ಕಡತದಲ್ಲಿ ಅಳತೆಯ ಮಾನವೇ ಇಲ್ಲ. ಅಂಗುಲದಲ್ಲಿ ಬರೆದುದನ್ನು ಮಿಲಿಮೀಟರೆಂದು ಓದಿಕೊಂಡರೆ ವಸ್ತುವು 25.4 ಪಟ್ಟು ಕುಗ್ಗಿ, ಹಲ್ಲುಚಕ್ರವು ಅಂಗಿಯ ಗುಂಡಿಯಷ್ಟಾಗಿ ಹೊರಬರುವುದು. ಮೊಬೈಲಿನಿಂದ ಹಲವಾರು ಚಿತ್ರಗಳನ್ನು ತೆಗೆದು ಆಕಾರವನ್ನು ಕಟ್ಟುವ ಪದ್ಧತಿಯಲ್ಲಂತೂ, ವಸ್ತುವಿನ ಪಕ್ಕದಲ್ಲಿ ಉದ್ದ ಗೊತ್ತಿರುವ ಒಂದು ಪಟ್ಟಿಯನ್ನು ಇಡದಿದ್ದರೆ ನಿಜವಾದ ಗಾತ್ರವೇ ತಿಳಿಯದು.

ನಕಲಿಗೂ ಅಳತೆಗೂ ಇರುವ ಈ ಅಂತರವನ್ನು ಹಳ್ಳಿಯ ಬಡಿಗನು ಬಹು ಹಿಂದಿನಿಂದಲೂ ಬಲ್ಲನು. ಕೂರಿಗೆಯ ತಾಳು ಸವೆದು ಮೊಂಡಾಯಿತೆಂದು ಒಕ್ಕಲಿಗನು ತಂದಿಟ್ಟರೆ, ಆ ಮೊಂಡ ತಾಳನ್ನು ನೋಡಿ ಅವನು ಮತ್ತೊಂದು ಮೊಂಡ ತಾಳನ್ನು ಕೆತ್ತುವುದಿಲ್ಲ. ದಿಂಡಿನಲ್ಲಿ ತಾಳು ಕೂರುವ ತೂತುಗಳ ನಡುವಣ ಅಂತರವೆಷ್ಟು, ಅದು ಯಾವ ಬೆಳೆಗೆ ತಕ್ಕುದು, ತಾಳು ಎಷ್ಟು ವಾರೆಯಾಗಿ ನಿಂತರೆ ಮಣ್ಣನ್ನು ಹಿಡಿಯುವುದು ಎಂಬುದೆಲ್ಲ ಅವನ ಗೇಣು ಬೆರಳುಗಳಲ್ಲಿಯೇ ಇರುವುದು. ಕೂರಿಗೆಯ ಸಾಲಿಗೆ ಎಡೆಕುಂಟೆಯ ಅಗಲವು ಹೊಂದಿಕೊಳ್ಳಬೇಕಾದುದರಿಂದ ಒಂದು ಮುಟ್ಟಿನ ಅಳತೆಯು ಇನ್ನೊಂದು ಮುಟ್ಟಿಗೆ ಕಟ್ಟುಬಿದ್ದಿದೆ. ಇದರಲ್ಲಿ ಎರಡು ಬೆರಳು ತಪ್ಪಿದರೆ ಎಡೆ ಹೊಡೆಯುವಾಗ ಕಳೆಯೊಡನೆ ಬೆಳೆಯೂ ಕಿತ್ತುಬರುವುದು. ಬಡಗಣ ಕರ್ನಾಟಕದ ಹಲವು ಕಡೆಗಳಲ್ಲಿ ಹೊಲದ ವಿಸ್ತಾರವನ್ನೇ ಇಷ್ಟು ಕೂರಿಗೆಯೆಂದು ಹೇಳುವ ರೂಢಿಯಿದ್ದುದನ್ನು ನೆನೆದರೆ, ಈ ಮುಟ್ಟಿನ ಅಳತೆಯು ಜನರ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುವುದು. ಸ್ಕ್ಯಾನರಿಗೆ ಈ ಬಡಿಗನ ಬುದ್ಧಿಯಿಲ್ಲ. ಅದು ಮೂಲದ ಆಕಾರವನ್ನೂ ಸವೆತವನ್ನೂ ಬಿರುಕನ್ನೂ ಮೆತ್ತಿಕೊಂಡ ಎರೆಮಣ್ಣನ್ನೂ ಒಂದೇ ಸಮನಾದ ಶ್ರದ್ಧೆಯಿಂದ ಬರೆದುಕೊಳ್ಳುವುದು.

ಹಲ್ಲುಚಕ್ರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕೆಲಸಗಾರರು ಸ್ಪ್ರಾಕೆಟ್ ಎನ್ನುವ ಈ ಚಕ್ರವು ಬಹುಕಾಲ ಓಡಿದ ಮೇಲೆ ಅದರ ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಂತೆ ಬಾಗಿ ತುದಿಗಳು ತೆಳ್ಳಗಾಗಿರುವುವು. ಇಂಥದನ್ನು ಸ್ಕ್ಯಾನು ಮಾಡಿ ಹಾಗೆಯೇ ಮುದ್ರಿಸಿದರೆ ಹೊಸ ಚಕ್ರವು ಹುಟ್ಟುವಾಗಲೇ ಮುದಿಯಾಗಿರುವುದು. ಹಳೆಯದು ಸರಪಳಿಯನ್ನು ಜಾರಿಸಿದಂತೆಯೇ ಹೊಸದೂ ಜಾರಿಸುವುದು. ಬಲ್ಲವನು ಮಾಡುವ ಕೆಲಸವೇ ಬೇರೆ. ಅವನು ಮೊದಲು ಹಲ್ಲುಗಳನ್ನು ಎಣಿಸುವನು. 18 ಇವೆಯೆನ್ನೋಣ. ಎಷ್ಟು ಸವೆದರೂ ಹದಿನೆಂಟು ಹದಿನೇಳೂವರೆಯಾಗದು. ಬಳಿಕ ಸರಪಳಿಯ ಅಳತೆಯನ್ನು ನೋಡುವನು. ಸೈಕಲ್ಲಿನ ಸರಪಳಿಯಂತೆ ಅರ್ಧ ಅಂಗುಲದ ಕೊಂಡಿಯಾದರೆ ಅದು 12.7 ಮಿಲಿಮೀಟರ್. 180 ಡಿಗ್ರಿಯನ್ನು 18ರಿಂದ ಭಾಗಿಸಿದರೆ 10 ಡಿಗ್ರಿ, 12.7ನ್ನು ಆ ಕೋನದ ಸೈನಿನಿಂದ ಭಾಗಿಸಿದರೆ 73.14 ಮಿಲಿಮೀಟರ್. ಸರಪಳಿಯ ಉರುಳೆಗಳ ನಡುಬಿಂದುಗಳು ಸಾಗುವ ವೃತ್ತದ ವ್ಯಾಸವು ಅದೇ. ಸವೆದ ಚಕ್ರವನ್ನು ಎಷ್ಟು ಬೆಲೆಬಾಳುವ ಸ್ಕ್ಯಾನರಿನಿಂದ ಅಳೆದರೂ ಈ ಸಂಖ್ಯೆ ನೇರವಾಗಿ ದೊರೆಯದು. ಎಣಿಕೆಯಿಂದಲೂ ಲೆಕ್ಕದಿಂದಲೂ ಕ್ಷಣದಲ್ಲಿ ದೊರೆಯುವುದು. ಇಲ್ಲಿ ಸ್ಕ್ಯಾನಿನ ಉಪಯೋಗವು ಬೇರೆ ಬಗೆಯದು: ಚಕ್ರದ ದಪ್ಪ, ಗುಂಬದ ಎತ್ತರ, ಕೀಲಿಯ ಗಾಡಿಯ ಜಾಗ ಮುಂತಾದ ಸವೆಯದ ಕಡೆಗಳ ರೂಪವನ್ನು ಅದು ತೋರಿಸುವುದು, ಹೊಸದಾಗಿ ಬರೆದ ಆಕಾರವು ಹಳೆಯದರ ಮೇಲೆ ಸರಿಯಾಗಿ ಕೂರುವುದೋ ಇಲ್ಲವೋ ಎಂಬುದಕ್ಕೂ ಸಾಕ್ಷಿಯಾಗುವುದು.

ಬೀಜದ ತಟ್ಟೆಯ ವಿಷಯವು ಇದಕ್ಕಿಂತಲೂ ಮುಖ್ಯವಾದುದು. ಓರೆಯಾಗಿ ನಿಂತು ತಿರುಗುವ ಈ ತಟ್ಟೆಯ ಅಂಚಿನ ಗುಳಿಗಳು ಒಂದೊಂದು ಕಾಳನ್ನು ಎತ್ತಿ ಕೊಳವೆಗೆ ಬೀಳಿಸುವುವು. ತೊಗರಿಗಿಂತ ಕಡಲೆಯ ಕಾಳು ದೊಡ್ಡದು, ಜೋಳದ ಕಾಳು ಚಿಕ್ಕದು. ಗುಳಿ ಹಿರಿದಾದರೆ ಎರಡು ಮೂರು ಕಾಳುಗಳು ಒಟ್ಟಿಗೆ ಬೀಳುವುವು, ಕಿರಿದಾದರೆ ಕಾಳು ಸೀಳುವುದು ಇಲ್ಲವೆ ಗುಳಿಯು ಬರಿದಾಗಿ ಹೋಗುವುದು. ಗುಳಿಗಳ ಸಂಖ್ಯೆಯಾದರೋ ಗಿಡದಿಂದ ಗಿಡಕ್ಕೆ ಇರುವ ಅಂತರವನ್ನು ಗೊತ್ತುಮಾಡುವುದು. ನೆಲದ ಮೇಲೆ ಉರುಳುವ ಚಕ್ರದ ವ್ಯಾಸ 40 ಸೆಂಟಿಮೀಟರ್ ಇದ್ದು, ಅದು ಒಂದು ಸುತ್ತು ತಿರುಗಿದಾಗ ತಟ್ಟೆಯೂ ಒಂದು ಸುತ್ತು ತಿರುಗುವುದೆಂದಿಟ್ಟುಕೊಂಡರೆ, ಒಂದು ಸುತ್ತಿಗೆ ಯಂತ್ರವು ಸುಮಾರು 126 ಸೆಂಟಿಮೀಟರ್ ಮುಂದೆ ಸಾಗುವುದು. ತಟ್ಟೆಯಲ್ಲಿ 8 ಗುಳಿಗಳಿದ್ದರೆ ಕಾಳುಗಳು ಸುಮಾರು 16 ಸೆಂಟಿಮೀಟರಿಗೊಂದರಂತೆಯೂ, 6 ಇದ್ದರೆ 21ಕ್ಕೊಂದರಂತೆಯೂ, 4 ಇದ್ದರೆ 31ಕ್ಕೊಂದರಂತೆಯೂ ಬೀಳುವುವು. ಆಳಂದದ ಕಡೆಯ ಮಳೆಯಾಶ್ರಯದ ಹೊಲಕ್ಕೂ ಅಫಜಲಪುರ, ಜೇವರ್ಗಿಗಳಲ್ಲಿ ಭೀಮೆಯ ದಡದ ನೀರು ಸಿಕ್ಕುವ ಹೊಲಕ್ಕೂ ಒಂದೇ ಅಂತರವು ಒಪ್ಪಬೇಕೆಂಬ ನಿಯಮವಿಲ್ಲ. ಒಂದೇ ಹೊಲದಲ್ಲಿ ತಳಿಯನ್ನು ಬದಲಿಸಿದರೂ ಅಂತರವು ಬದಲಾಗುವುದುಂಟು.

ಈಗ ಕೈಯಲ್ಲಿ ಆ ತಟ್ಟೆಯ ಜಾಲವು ಮಾತ್ರ ಇದೆಯೆನ್ನೋಣ. ಎಂಟು ಗುಳಿಗಳನ್ನು ಆರು ಮಾಡಬೇಕಾದರೆ ಸಾವಿರಾರು ತ್ರಿಕೋನಗಳನ್ನು ಅಳಿಸಿ, ತೂತುಗಳನ್ನು ಮುಚ್ಚಿ, ಹೊಸ ಗುಳಿಗಳನ್ನು ಕೊರೆಯಬೇಕು. ಒಂದು ದಿನದ ಕೆಲಸದ ಕೊನೆಗೆ ಬರುವುದು ನಂಬಿಕೆಗೆ ಯೋಗ್ಯವಲ್ಲದ ಮತ್ತೊಂದು ಜಾಲ. ಘನರೂಪವು ಇದ್ದರೆ 8 ಎಂಬ ಅಂಕೆಯನ್ನು ಅಳಿಸಿ 6 ಎಂದು ಬರೆಯುವುದೇ ಕೆಲಸ. ಗುಳಿಯ ಅಗಲವೂ ಹಾಗೆಯೇ ಒಂದು ಅಂಕೆ. ತೊಗರಿಯ ತಟ್ಟೆಯಿಂದ ಕಡಲೆಯ ತಟ್ಟೆ, ಅದರಿಂದ ಜೋಳದ ತಟ್ಟೆ ಹೀಗೆ ಒಂದೇ ಮೂಲದಿಂದ ಹಲವು ತಟ್ಟೆಗಳು ಹುಟ್ಟುವುವು. ಅಳತೆಗಳನ್ನು ತಿದ್ದಲು ಬಾರದ ನಕಲನ್ನು ಒಕ್ಕಲಿಗನಿಗೆ ಕೊಡುವುದೆಂದರೆ, ಬೀಜವನ್ನು ಕೊಟ್ಟು ಮುಂದಿನ ವರ್ಷಕ್ಕೆ ಅದನ್ನು ಎತ್ತಿಡಬಾರದೆಂದು ಹೇಳಿದಂತೆಯೇ ಸರಿ.

ಇಷ್ಟು ಕೇಳಿದವರು, ಜಾಲವನ್ನು ಘನರೂಪಕ್ಕೆ ತಿರುಗಿಸುವ ಆಜ್ಞೆಯು ಕಂಪ್ಯೂಟರಿನಲ್ಲಿಯೇ ಇದೆಯಲ್ಲವೆ ಎಂದು ಕೇಳಬಹುದು. ಇದೆ. ಹಣ ಕೊಡದೆ ದೊರೆಯುವ ಫ್ರೀಕ್ಯಾಡ್ ಎಂಬ ಸಾಫ್ಟ್‌ವೇರಿನಲ್ಲಿ ಮೊದಲು ‘ಕ್ರಿಯೇಟ್ ಶೇಪ್ ಫ್ರಂ ಮೆಷ್’, ಬಳಿಕ ‘ಕನ್ವರ್ಟ್ ಟು ಸಾಲಿಡ್’, ಕೊನೆಗೆ ‘ರಿಫೈನ್ ಶೇಪ್’ ಎಂಬ ಆಜ್ಞೆಗಳನ್ನು ಕೊಟ್ಟರೆ ಜಾಲವು ಹೆಸರಿಗೆ ಘನವಾಗುವುದು. ಆದರೆ ಈ ಮಾರ್ಗದಲ್ಲಿ ಒಂದೊಂದು ತ್ರಿಕೋನವೂ ಒಂದೊಂದು ಮುಖವಾಗಿ ಉಳಿಯುವುದು. ಕೊನೆಯ ಆಜ್ಞೆಯು ಒಂದೇ ಸಮತಲದಲ್ಲಿರುವ ತ್ರಿಕೋನಗಳನ್ನು ಕೂಡಿಸಿ ಒಂದು ಮುಖವಾಗಿ ಮಾಡುವುದು ನಿಜ. ಆದುದರಿಂದ ಕ್ಯಾಡಿನಲ್ಲಿಯೇ ಬರೆದು ಜಾಲವಾಗಿ ಉಳಿಸಿದ್ದ ಪೆಟ್ಟಿಗೆಯಂಥ ಆಕಾರಗಳಿಗೆ ಅದು ಸಾಕು. ಸ್ಕ್ಯಾನಿನಿಂದ ಬಂದ ಜಾಲದಲ್ಲಿ ಚಪ್ಪಟೆಯಾದ ಮೈಯೂ ನೂರು ಕಡೆ ಕೂದಲೆಳೆಯಷ್ಟು ಏರಿಳಿದಿರುವುದರಿಂದ ಯಾವ ಎರಡು ತ್ರಿಕೋನಗಳೂ ಕೂಡಲಾರವು. ದುಂಡು ತೂತು ಬಹುಭುಜವಾಗಿಯೇ ನಿಲ್ಲುವುದು. ಲಕ್ಷ ಮುಖಗಳ ಭಾರಕ್ಕೆ ಸಾಧಾರಣ ಕಂಪ್ಯೂಟರು ಏದುಸಿರುಬಿಡುವುದು. ಜಾಲದಲ್ಲಿ ಎಲ್ಲಿಯಾದರೂ ಹರಕಿದ್ದರೆ, ತ್ರಿಕೋನವೊಂದರ ಮುಖವು ಒಳಕ್ಕೆ ತಿರುಗಿದ್ದರೆ, ಒಂದು ಅಂಚಿಗೆ ಮೂರು ತ್ರಿಕೋನಗಳು ಅಂಟಿಕೊಂಡಿದ್ದರೆ ಸರಿಯಾದ ಘನವೇ ಆಗದು.

ಹಾಗಾದರೆ ಮಾಡಬೇಕಾದುದೇನು? ಜಾಲದ ಹರಕುಗಳನ್ನು ಮುಚ್ಚಿ, ಕಣ್ಣಿಗೆ ಬೇಕಾದಷ್ಟಕ್ಕೆ ತ್ರಿಕೋನಗಳನ್ನು ತಗ್ಗಿಸಿ, ಅದನ್ನು ಅಡಿಗೆ ಹಾಸಿದ ನೆರಳಿನಂತೆ ಇಟ್ಟುಕೊಳ್ಳಬೇಕು. ವಸ್ತುವು ಯಾವ ಅಕ್ಷದ ಸುತ್ತ ತಿರುಗುವುದೋ ಆ ಅಕ್ಷವನ್ನು ಕಂಪ್ಯೂಟರಿನ ಅಕ್ಷಕ್ಕೆ ಸರಿಯಾಗಿ ಹೊಂದಿಸಬೇಕು. ಬಹು ಮಂದಿ ಅವಸರಪಟ್ಟು ಕೆಡಿಸುವುದು ಈ ಹೆಜ್ಜೆಯನ್ನೇ. ಬಳಿಕ ಕಲ್ಲಂಗಡಿಯನ್ನು ಕೊಯ್ದು ನೋಡುವಂತೆ ಜಾಲವನ್ನು ಎರಡು ಮೂರು ಕಡೆ ಅಡ್ಡಲಾಗಿ ಕೊಯ್ದು, ಕಾಣಿಸುವ ಗೆರೆಯ ಮೇಲೆ ನಿಜವಾದ ವೃತ್ತಗಳನ್ನೂ ನೇರ ಗೆರೆಗಳನ್ನೂ ಹೊಸದಾಗಿ ಎಳೆಯಬೇಕು. ಆಗ ಅಳತೆಯು 7.93 ಎಂದು ಕಂಡರೆ ಅದು 8 ಆಗಿರಬೇಕೋ ಅಥವಾ ಸವೆತದಿಂದ ಬದಲಾದ ಬೇರೊಂದು ಅಳತೆಯೋ ಎಂಬುದನ್ನು ತೀರ್ಮಾನಿಸಬೇಕಾದವನು ಮನುಷ್ಯನೇ. ಅದಕ್ಕಾಗಿ ವರ್ನಿಯರ್ ಕ್ಯಾಲಿಪರನ್ನು ಹಿಡಿದು ಮೂಲವಸ್ತುವಿನ ಬಳಿಗೂ, ಆ ತೂತಿನಲ್ಲಿ ಕೂರುವ ಬೋಲ್ಟಿನ ಬಳಿಗೂ ಅವನು ಹೋಗಬೇಕು. ಗೆರೆಯನ್ನು ಎತ್ತರಿಸಿ ಘನಮಾಡಿ, ತೂತು ಕೊರೆದು, ಒಂದು ಗುಳಿಯನ್ನು ಬರೆದು ಅಕ್ಷದ ಸುತ್ತ ಬೇಕಾದಷ್ಟು ಸಲ ತಿರುಗಿಸಿದರೆ ತಟ್ಟೆಯು ಸಿದ್ಧ. ಅದನ್ನು ಜಾಲದ ಮೇಲಿಟ್ಟು ಎಲ್ಲಿ ಎಷ್ಟು ವ್ಯತ್ಯಾಸವಿದೆಯೆಂದು ನೋಡಿದಾಗ, ಸವೆದ ಕಡೆಗಳಲ್ಲಿ ವ್ಯತ್ಯಾಸವು ಕಾಣಿಸಿ ಉಳಿದ ಕಡೆ ಕಾಣಿಸದಿದ್ದರೆ ಕೆಲಸವು ಸರಿಯಾಯಿತೆಂದು ತಿಳಿಯಬಹುದು. ಇಂಥ ಘನರೂಪವನ್ನು ಸ್ಟೆಪ್ ಎಂಬ ಕಡತವಾಗಿ ಉಳಿಸಬೇಕು. 1994ರಿಂದ ಅಂತರರಾಷ್ಟ್ರೀಯ ಮಾನಕವಾಗಿರುವ ಇದನ್ನು ಬಹುಪಾಲು ಕ್ಯಾಡ್ ಸಾಫ್ಟ್‌ವೇರುಗಳು ಓದಬಲ್ಲುವು. ಆದರೆ ಸ್ಟೆಪ್ಪಿನಲ್ಲಿ ಆಕಾರವು ಉಳಿಯುವುದೇ ಹೊರತು ಅದನ್ನು ಕಟ್ಟಿದ ಹೆಜ್ಜೆಗಳು ಸಾಮಾನ್ಯವಾಗಿ ಉಳಿಯವು. ಆದಕಾರಣ ಬರೆದ ಸಾಫ್ಟ್‌ವೇರಿನ ಮೂಲ ಕಡತವನ್ನೂ ಅದರ ಜೊತೆಗೇ ಕೊಡಬೇಕು.

ಎಲ್ಲ ಭಾಗಗಳಿಗೂ ಇಷ್ಟು ಶ್ರಮ ಬೇಕೆಂದು ಹೇಳುವುದು ಹಟವಾದೀತು. ಹಿಡಿಕೆ, ಮುಚ್ಚಳ, ಧೂಳು ತಡೆಯುವ ಚಿಪ್ಪು ಮುಂತಾದವುಗಳಿಗೆ ಜಾಲದ ನಕಲೇ ಧಾರಾಳವಾಗಿ ಸಾಕು. ಮಣ್ಣನ್ನು ಮಗುಚುವ ನೇಗಿಲಿನ ಹಲಗೆಯಂಥ ತಿರುಚಿದ ಮೈಗಳಲ್ಲಿ ವೃತ್ತವೂ ನೇರ ಗೆರೆಯೂ ಸುಲಭವಾಗಿ ಸಿಕ್ಕುವುದಿಲ್ಲವಾದುದರಿಂದ, ಅಲ್ಲಿ ಜಾಲದ ಮೇಲೆ ನಯವಾದ ಮೈಯನ್ನು ಹೊದಿಸುವ ಬೇರೆ ಉಪಾಯಗಳು ಬೇಕಾಗುವುವು. ಆದರೂ ಅಂಥ ಹಲಗೆಗೂ ಒಂದು ಕಟ್ಟಳೆಯನ್ನು ಹುಡುಕಿದವರು ಉಂಟು. ಅಮೆರಿಕದ ಥಾಮಸ್ ಜೆಫರ್ಸನ್ ಅವರು ತಾವು ಕಲ್ಪಿಸಿದ ನೇಗಿಲಿನ ಹಲಗೆಯನ್ನು ಕುರಿತು 1798ರಲ್ಲಿ ಬರೆದಾಗ ಒಂದು ಮಾದರಿಯನ್ನು ತೋರಿಸಿ ಸುಮ್ಮನಾಗಲಿಲ್ಲ. ಮರದ ದಿಮ್ಮಿಯ ಮೇಲೆ ಯಾವ ಗೆರೆಗಳನ್ನು ಎಳೆಯಬೇಕು, ಗರಗಸವನ್ನು ಎಲ್ಲಿಂದ ಎಲ್ಲಿಗೆ ಹಾಯಿಸಬೇಕು ಎಂಬುದನ್ನು ಕ್ರಮವಾಗಿ ವಿವರಿಸಿದರು. ಮಾದರಿಯನ್ನು ಕಣ್ಣಾರೆ ನೋಡದ ಬಡಗಿಯೂ ಅದರಿಂದ ಅದೇ ಹಲಗೆಯನ್ನು ಮಾಡಬಹುದಾಗಿತ್ತು.

ಮುದ್ರಿಸಿದ ಪ್ಲಾಸ್ಟಿಕ್ಕೇ ಕೊನೆಯ ವಸ್ತುವಾಗಬೇಕೆಂದೂ ಇಲ್ಲ. ಸಾಧಾರಣವಾಗಿ ಬಳಸುವ ಪಿ.ಎಲ್‌.ಎ. ಎಂಬ ಪ್ಲಾಸ್ಟಿಕ್ಕು 60 ಡಿಗ್ರಿಯ ಸುಮಾರಿಗೆ ಮೆತ್ತಗಾಗುವುದು. ಕಲಬುರಗಿಯ ವೈಶಾಖದ ಬಿಸಿಲಿನಲ್ಲಿ ಟ್ರಾಕ್ಟರಿನ ಕಬ್ಬಿಣದ ಪೆಟ್ಟಿಗೆಯೊಳಗೆ ಬಿಟ್ಟ ತಟ್ಟೆಯು ಹಪ್ಪಳದಂತೆ ಸೊಟ್ಟಗಾದರೆ ಆಶ್ಚರ್ಯವಿಲ್ಲ. ಹೆಚ್ಚು ಬಾಳಿಕೆ ಬೇಕಾದಾಗ ಅದೇ ಭಾಗವನ್ನು ಲೇತಿನಲ್ಲಿ ಕಡೆಯಬೇಕಾಗುವುದು ಅಥವಾ ಎರಕ ಹೊಯ್ಯಬೇಕಾಗುವುದು. ಎರಕದವನು ಬೀಡುಕಬ್ಬಿಣವು ಆರುವಾಗ ಕುಗ್ಗುವುದಕ್ಕಾಗಿ ನೂರಕ್ಕೆ ಸುಮಾರು ಒಂದರಷ್ಟು ಹೆಚ್ಚಿಸುವನು, ಕಡೆಯಬೇಕಾದ ತೂತಿನ ಒಳಮೈಯಲ್ಲಿ ಮಾತ್ರ ಬೇರೆಯಾಗಿ ಲೋಹವನ್ನು ಉಳಿಸುವನು. ಇಡೀ ಜಾಲವನ್ನು ಹಿಗ್ಗಿಸಲು ಬರುವುದು. ತೂತನ್ನು ಮಾತ್ರ ಬೇರೆಯಾಗಿ ತಿದ್ದಲು ಘನರೂಪವೇ ಬೇಕು. ಲೇತಿನ ಕೆಲಸಗಾರನಿಗಾದರೋ ಅಳತೆ ಬರೆದ ಒಂದು ಹಾಳೆ ಸಾಕು, ಅದೂ ಘನರೂಪದಿಂದಲೇ ತಾನಾಗಿ ಹೊರಡುವುದು.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ದೂರದಲ್ಲಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜು ಇದೆ; ಕಲಬುರಗಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇಂಜಿನಿಯರಿಂಗ್ ಕಾಲೇಜುಗಳೂ ಇವೆ; ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಲಿಯುವ ಹುಡುಗರು ಕ್ಯಾಡಿನ ಅಭ್ಯಾಸಕ್ಕೆಂದು ಪುಸ್ತಕದಲ್ಲಿರುವ ಕಲ್ಪಿತ ಭಾಗಗಳನ್ನೇ ವರ್ಷವರ್ಷವೂ ಬರೆಯುವುದಕ್ಕಿಂತ, ಒಬ್ಬೊಬ್ಬನು ನೆರೆಹೊಲದ ಯಂತ್ರದ ಒಂದೊಂದು ಭಾಗವನ್ನು ಜಾಲದಿಂದ ಘನಕ್ಕೆ ತಿರುಗಿಸುವುದು ಮೇಲು. ಅದರಿಂದ ವಿದ್ಯೆಯೂ ಆಗುವುದು, ಊರಿಗೆ ಭಾಗವೂ ಸಿಕ್ಕುವುದು. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂತಹ ಬಾಡಿಗೆ ಯಂತ್ರಗಳ ಕೇಂದ್ರಗಳು ತಮ್ಮಲ್ಲಿರುವ ಯಂತ್ರಗಳ ಬೇಗ ಸವೆಯುವ ಭಾಗಗಳನ್ನು ಹೊಸದಾಗಿರುವಾಗಲೇ ಅಳೆಯಿಸಿಡುವುದು ಇನ್ನೂ ಒಳ್ಳೆಯದು. ಒಡೆದ ಮೇಲೆ ಅಳೆಯುವುದಕ್ಕಿಂತ ಅದಕ್ಕೆ ತಗಲುವ ಶ್ರಮವು ಎಷ್ಟೋ ಕಡಮೆ. ಹಾಗೆ ಸಿದ್ಧವಾದ ಕಡತಗಳನ್ನು ಜಾಲವಾಗಿ ಮಾತ್ರ ಹಂಚುವುದಕ್ಕೆ ಸರ್ಕಾರದ ಹಣವು ಸಲ್ಲಬಾರದು.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಅವಶ್ಯ. 2000ದ ವಿನ್ಯಾಸಗಳ ಕಾಯಿದೆಯಂತೆ ನೋಂದಾಯಿತವಾದ ವಿನ್ಯಾಸಕ್ಕೆ ಮೊದಲು 10 ವರ್ಷ, ಕೇಳಿಕೊಂಡರೆ ಮತ್ತೆ 5 ವರ್ಷ ರಕ್ಷಣೆಯುಂಟು. ಪೇಟೆಂಟಿನ ಮಾತು ಬೇರೆಯೇ. ಆದುದರಿಂದ ಮಾರಾಟಕ್ಕೆಂದು ಭಾಗಗಳನ್ನು ತಯಾರಿಸುವವರು ಯಂತ್ರದ ಕಂಪನಿಯ ಹಕ್ಕನ್ನು ವಿಚಾರಿಸಿಯೇ ಮುಂದುವರಿಯಬೇಕು. ಯಂತ್ರಗಳಿಗೆ ಸಹಾಯಧನವನ್ನು ಕೊಡುವಾಗಲೇ, ಸವೆಯುವ ಭಾಗಗಳ ಅಳತೆಯ ಹಾಳೆಯನ್ನು ಯಂತ್ರದೊಡನೆ ಒದಗಿಸಬೇಕೆಂದು ಕಂಪನಿಗಳನ್ನು ಕೇಳಿಕೊಂಡರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುವುದು.

ತೊಗರಿಯ ರಾಶಿ ಮುಗಿದು ಹೊಲಗಳು ಬರಿದಾದ ಮೇಲೆ, ಮಾಘದಿಂದ ರೋಹಿಣಿ ಮಳೆಯವರೆಗೆ, ಬಿತ್ತುವ ಯಂತ್ರಗಳು ಕೊಟ್ಟಿಗೆಯಲ್ಲಿ ಕೆಲಸವಿಲ್ಲದೆ ನಿಂತಿರುವುವು. ಅವುಗಳ ತಟ್ಟೆಗಳನ್ನೂ ಹಲ್ಲುಚಕ್ರಗಳನ್ನೂ ಬಿಚ್ಚಿ ತೊಳೆದು ಅಳೆಯುವುದಕ್ಕೆ ಅದೇ ಕಾಲ. ಹೊಸದಾಗಿ ಮುದ್ರಿಸಿದ ತಟ್ಟೆಯನ್ನು ಹೊಲಕ್ಕೆ ಒಯ್ಯುವ ಮೊದಲು ಯಂತ್ರವನ್ನು ಅಂಗಳದಲ್ಲಿಯೇ ಎತ್ತಿ ನಿಲ್ಲಿಸಿ, ಕೊಳವೆಯ ಕೆಳಗೆ ಗೋಣಿತಾಟನ್ನು ಹಾಸಿ, ಚಕ್ರವನ್ನು ಕೈಯಿಂದ ತಿರುಗಿಸಿ, ನೂರು ಗುಳಿಗಳಿಗೆ ಎಷ್ಟು ಕಾಳುಗಳು ಬಿದ್ದುವು, ಎಷ್ಟು ಸೀಳಿದುವು, ಎಷ್ಟು ಗುಳಿಗಳು ಬರಿದಾಗಿ ಹೋದುವು ಎಂದು ಎಣಿಸಿ ನೋಡಬೇಕು. ಎಣಿಕೆಯು ಒಪ್ಪಿಗೆಯಾಗದಿದ್ದರೆ ಗುಳಿಯ ಅಗಲದ ಅಂಕೆಯನ್ನು ತಿದ್ದಿ ಮತ್ತೊಂದು ತಟ್ಟೆಯನ್ನು ಮುದ್ರಿಸಿಕೊಳ್ಳುವುದಕ್ಕೆ ಆಗ ಇನ್ನೂ ಸಮಯವಿರುವುದು.